ಬಾಡಿದ ಗಿಡದ ಬುಡ ಬಿಡಿಸಿ ನೋಡಿ

ನೀರು ಹಾಕಿದ್ದೀರಿ, ಮಣ್ಣು ಹಸಿಯಾಗಿಯೇ ಇದೆ. ಆದರೂ ಬೆಳಗಿನ ಹನ್ನೊಂದು ಗಂಟೆಗೆಲ್ಲ ದಾಸವಾಳದ ಎಲೆ ಜೋತುಬೀಳುತ್ತದೆ. ಸಂಜೆ ತಂಪು ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತದೆ. ಕೆಲವು ದಿನ ಹೀಗೇ ನಡೆಯುತ್ತದೆ. ಆಮೇಲೊಂದು ದಿನ ಸಂಜೆಯಾದರೂ ಎಲೆ ಏಳುವುದಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಮನೆ ಮುಂದಿನ ಬಣ್ಣದ ಡಬ್ಬಿಯಲ್ಲಿ ಬೆಳೆಸಿದ ದುಂಡುಮಲ್ಲಿಗೆ, ಮಾಳಿಗೆ ಮೇಲಿನ ಗುಲಾಬಿ, ಕಟ್ಟೆಯ ತುಳಸಿ, ಹಿತ್ತಲಿನ ಅಂಜೂರ, ಕರಿಬೇವು ಎಲ್ಲಕ್ಕೂ ಈ ಗತಿ ಬರುವುದನ್ನು ಮಳೆಗಾಲದುದ್ದಕ್ಕೂ ಕಾಣಬಹುದು. ಆಗ ಎಲ್ಲರೂ ಮಾಡುವ ಕೆಲಸ ಮೂರು: ಇನ್ನಷ್ಟು ನೀರು, ಒಂದು ಹಿಡಿ ಯೂರಿಯಾ, ಎಲೆಗೆ ಯಾವುದಾದರೂ ಔಷಧಿ. ಬೇರೇ ಇಲ್ಲದ ಗಿಡಕ್ಕೆ ಈ ಮೂರೂ ಕೇಡು. ನೀರು ಕುಡಿಯಲು ಬೇರಿಲ್ಲ, ಉಳಿದ ಬೇರನ್ನು ಯೂರಿಯಾ ಸುಡುತ್ತದೆ, ಔಷಧಿ ಎಲೆಯ ಮೇಲೆ ಬಿದ್ದರೆ ಶತ್ರು ಇರುವುದು ಮಣ್ಣಿನೊಳಗೆ.

ಹಾಗಾಗಿ ಮೊದಲ ಮಾತೇ ಇದು. ಬಾಡುವ ಗಿಡಕ್ಕೆ ಏನನ್ನೂ ಹಾಕುವ ಮೊದಲು ಅದರ ಬುಡ ಬಿಡಿಸಿ ಬೇರು ನೋಡಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಅಂಗಡಿಗೆ ಹೋದವರ ಕೈಗೆ ಸಿಗುವುದು ಊಹೆಯ ಔಷಧಿ.

ಬೇರು ಓದುವ ಬಗೆ

ಕುಂಡದ ಗಿಡವಾದರೆ ನೋಡುವುದು ಸುಲಭ. ಹಿಂದಿನ ಸಂಜೆ ನೀರು ಕೊಟ್ಟು, ಮರುದಿನ ಬೆಳಗ್ಗೆ ಕುಂಡವನ್ನು ಓರೆ ಮಾಡಿ ಅಂಚಿಗೆ ಮೆಲ್ಲಗೆ ತಟ್ಟಿದರೆ ಬೇರಿನ ಗಡ್ಡೆ ಇಡಿಯಾಗಿ ಕೈಗೆ ಬರುತ್ತದೆ. ನೆಲದ ಗಿಡವಾದರೆ ಕಾಂಡದಿಂದ ಒಂದು ಅಡಿ ದೂರದಲ್ಲಿ, ಒಂದೇ ಪಕ್ಕಕ್ಕೆ, ಗೇಣುದ್ದ ಆಳ ಕುರುಪಿಯಿಂದ ಕೆದರಿ. ದಪ್ಪ ಬೇರು ನಮಗೆ ಬೇಡ. ನೂಲಿನಂಥ ಎಳೆಬೇರು ಬೇಕು; ಗಿಡ ಉಣ್ಣುವುದು ಅದರಿಂದ. ಒಂದು ಹಿಡಿ ತೆಗೆದು ಬಕೆಟ್ ನೀರಿನಲ್ಲಿ ಅಲುಗಾಡಿಸಿ ತೊಳೆಯಿರಿ. ನಲ್ಲಿ ಕೆಳಗೆ ಹಿಡಿಯಬೇಡಿ, ಎಳೆಬೇರು ಹರಿದು ಹೋಗುತ್ತದೆ.

ಆರೋಗ್ಯವಾದ ಎಳೆಬೇರು ಬಿಳಿ ಅಥವಾ ತಿಳಿ ಕಂದು, ನಯವಾಗಿ ಉದ್ದಕ್ಕೆ ಇರುತ್ತದೆ. ಅದರ ಮೇಲೆ ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಗಂಟುಗಳು ಮಣಿ ಪೋಣಿಸಿದಂತೆ ಕಂಡರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ರೈತರು ನೆಮಟೋಡ್ ಎನ್ನುವುದು ಇದನ್ನೇ. ಎಳೆಬೇರೇ ಇಲ್ಲದೆ ದಪ್ಪ ಬೇರು ಕಡಿದಂತೆ ತುಂಡಾಗಿದ್ದು, ಮಣ್ಣಿನಲ್ಲಿ ಬಿಳಿ ಮೈ, ಕಂದು ತಲೆಯ ಹುಳು ಸುರುಳಿ ಸುತ್ತಿಕೊಂಡು ಬಿದ್ದಿದ್ದರೆ ಗೊಣ್ಣೆಹುಳು. ಬೇರಿಗೆ ಬಿಳಿ ಹಿಟ್ಟು ಮೆತ್ತಿದಂತಿದ್ದು ಕುಂಡದ ತೂತಿನಲ್ಲಿ ಇರುವೆ ಓಡಾಡುತ್ತಿದ್ದರೆ ಬೇರಿನ ಹಿಟ್ಟು ತಿಗಣೆ. ತೊಗಟೆಯ ಮೇಲೆ ಮಣ್ಣಿನ ಪದರ, ಒಳಗೆ ಸುರಂಗ ಇದ್ದರೆ ಗೆದ್ದಲು. ಇದ್ಯಾವುದೂ ಇಲ್ಲದೆ ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ, ಕೊಳೆತ ವಾಸನೆ ಬಂದರೆ ಹುಳುವಲ್ಲ. ಅದು ನೀರು ನಿಂತು ಬಂದ ಬೇರು ಕೊಳೆ.

ಗಂಟು ಕಂಡ ಕೂಡಲೇ ನೆಮಟೋಡ್ ಎಂದು ತೀರ್ಮಾನಿಸಬೇಡಿ. ಅಗಸೆ ಮರ, ಅಪರಾಜಿತ, ಅವರೆಯಂಥ ದ್ವಿದಳ ಧಾನ್ಯ ಜಾತಿಯ ಬೇರಿನಲ್ಲಿ ಸಾರಜನಕ ಹಿಡಿಯುವ ಒಳ್ಳೆಯ ಗಂಟುಗಳೂ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರಿನಿಂದ ತಳ್ಳಿದರೆ ಉದುರುತ್ತವೆ, ಒಡೆದರೆ ಒಳಗೆ ನಸುಗೆಂಪು. ಜಂತುಹುಳುವಿನ ಗಂಟಾದರೆ ಬೇರೇ ಊದಿಕೊಂಡಿರುತ್ತದೆ. ಅದನ್ನು ಕೀಳಲು ಹೋದರೆ ಬೇರು ಹರಿಯುತ್ತದೆ.

ಬಳ್ಳಾರಿಯಲ್ಲಿ ಇನ್ನೆರಡು ಕಾರಣಗಳನ್ನೂ ತಳ್ಳಿಹಾಕಿ ನೋಡಬೇಕು. ಇಲ್ಲಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ಎಲೆಯ ಅಂಚು ಮಾತ್ರ ಸುಟ್ಟಂತಾಗಿ, ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪಿನ ಬಾಧೆ. ಮಳೆ ನೀರು ಅಥವಾ ನಲ್ಲಿಗೆ ಬರುವ ಸಿಹಿ ನೀರನ್ನು ಕುಂಡದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಎರಡು ಮೂರು ಸಲ ಕೊಟ್ಟರೆ ಸುಧಾರಿಸುತ್ತದೆ. ಹೊಸ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ನಮ್ಮ ಎರೆ ಮಣ್ಣಿನಲ್ಲಿ ಇದು ತೀರಾ ಸಾಮಾನ್ಯ. ಇವೆರಡರಲ್ಲೂ ಬೇರಿನಲ್ಲಿ ಗಂಟಿರುವುದಿಲ್ಲ, ಕಡಿತವೂ ಇರುವುದಿಲ್ಲ.

ಮಣ್ಣು ಬೇರೆ, ಹುಳು ಬೇರೆ

ಸಿರುಗುಪ್ಪ ಕಡೆಗೆ ಹೋದರೆ ತುಂಗಭದ್ರಾ ಕಾಲುವೆ ನೀರಿನ ಭತ್ತದ ಗದ್ದೆ, ಅಂಟು ಎರೆ ಮಣ್ಣು. ಕುರುಗೋಡು ಸುತ್ತ ಎರೆಯೂ ಇದೆ, ಗುಡ್ಡದ ಬುಡಗಳಲ್ಲಿ ಮಸಾರಿಯೂ ಇದೆ. ಬಳ್ಳಾರಿ ನಗರದಲ್ಲಿ ಮನೆ ಕಟ್ಟಿದ ಜಾಗಕ್ಕೆ ಲಾರಿಯಲ್ಲಿ ತಂದು ತುಂಬಿದ ಮಣ್ಣೇ ಹೆಚ್ಚು. ಅದು ಎಲ್ಲಿಯದೆಂದು ಮನೆಯವರಿಗೂ ಗೊತ್ತಿರುವುದಿಲ್ಲ.

ಬೇರುಗಂಟು ಜಂತುಹುಳುವಿಗೆ ಸಡಿಲ ಮಣ್ಣು ಇಷ್ಟ. ಮಸಾರಿ, ಮರಳು ಬೆರೆತ ಮಣ್ಣು, ಕುಂಡದ ಹಗುರ ಮಿಶ್ರಣ, ಇವುಗಳಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಗಟ್ಟಿ ಎರೆಯಲ್ಲಿ ಅದರ ಕಾಟ ಕಡಿಮೆ. ಹಾಗೆಂದು ಎರೆಯ ಹಿತ್ತಲಿನವರು ನೆಮ್ಮದಿಯಾಗಿರುವಂತಿಲ್ಲ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಎಳೆಬೇರು ಹರಿಯುತ್ತದೆ. ಮಳೆಗಾಲದಲ್ಲಿ ನೀರು ಇಂಗದೆ ಬೇರು ಉಸಿರುಗಟ್ಟುತ್ತದೆ. ಸೊರಗಿದ ಬೇರಿಗೆ ಆಮೇಲೆ ಬಂದ ಹುಳು ಸಣ್ಣದಾದರೂ ಪೆಟ್ಟು ದೊಡ್ಡದು. ಹೀಗಾಗಿ ಎರೆಯಲ್ಲಿ ಗಿಡದ ಬುಡಕ್ಕೆ ವರ್ಷವಿಡೀ ಹೊದಿಕೆ ಬೇಕೇ ಬೇಕು. ಸಿರುಗುಪ್ಪದ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು, ಗದ್ದೆಯ ಹುಲ್ಲು, ಒಣ ಬೇವಿನೆಲೆ, ಏನಾದರೂ ಸರಿ, ಮೂರು ಬೆರಳು ದಪ್ಪಕ್ಕೆ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಕಣ್ಣಿಗೆ ಕಾಣದ ಶತ್ರು

ಮನೆತೋಟದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಬೇರುಗಂಟು ಜಂತುಹುಳು. ಅತಿ ಕಡಿಮೆ ಜನರಿಗೆ ಗೊತ್ತಿರುವುದೂ ಅದೇ. ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹೆಸರಿನಲ್ಲಿ ಹುಳು ಎಂದಿದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ಮರಿ ಹುಳು ಎಳೆಬೇರಿನ ತುದಿಯಿಂದ ಒಳಗೆ ನುಗ್ಗಿ ಒಂದೆಡೆ ಕೂರುತ್ತದೆ, ಸುತ್ತಲಿನ ಜೀವಕೋಶಗಳು ಊದಿಕೊಳ್ಳುವಂತೆ ಮಾಡಿ ಅವುಗಳಿಂದ ಉಣ್ಣುತ್ತದೆ. ಆ ಊತವೇ ಗಂಟು. ಒಂದು ಹೆಣ್ಣು ಸಾಮಾನ್ಯವಾಗಿ 300ರಿಂದ 500 ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ಮೊಟ್ಟೆಯಿಂದ ಮತ್ತೆ ಮೊಟ್ಟೆಯವರೆಗೆ ಸುಮಾರು ನಾಲ್ಕು ವಾರ ಸಾಕು. ಬಳ್ಳಾರಿಯಲ್ಲಿ ಮಣ್ಣು ತಣ್ಣಗಾಗುವ ಕಾಲವೇ ಕಡಿಮೆ. ವರ್ಷದಲ್ಲಿ ಎಷ್ಟು ಪೀಳಿಗೆ ಎಂಬುದನ್ನು ಇದರಿಂದಲೇ ಲೆಕ್ಕ ಹಾಕಿಕೊಳ್ಳಿ.

ತುಳಸಿ, ದಾಸವಾಳ, ಕನಕಾಂಬರ, ದುಂಡುಮಲ್ಲಿಗೆ, ಸುಗಂಧರಾಜ, ಅಂಜೂರ, ದಾಳಿಂಬೆ, ವೀಳ್ಯದೆಲೆ, ಇವೆಲ್ಲ ಅದಕ್ಕೆ ಬಲು ಪ್ರೀತಿ. ಬಳ್ಳಾರಿ ಜಿಲ್ಲೆ ಅಂಜೂರಕ್ಕೆ ಹೆಸರಾದದ್ದು, ಇಲ್ಲಿನ ಎಷ್ಟೋ ಹಿತ್ತಲುಗಳಲ್ಲಿ ಅಂಜೂರದ ಗಿಡ ಇರುತ್ತದೆ. ಅಂಜೂರದಷ್ಟು ಸುಲಭವಾಗಿ ಈ ಜಂತುವಿಗೆ ಸಿಕ್ಕಿಬೀಳುವ ಹಣ್ಣಿನ ಗಿಡ ಇನ್ನೊಂದು ಸಿಗುವುದು ಕಷ್ಟ. ಕಾಯಿ ಚಿಕ್ಕದಾಗಿ, ಎಲೆ ಉದುರಿ, ಹೊಸ ಚಿಗುರು ಕುಗ್ಗಿದರೆ ಮೊದಲು ಬೇರನ್ನೇ ನೋಡಬೇಕು. ಪೇರಲದಲ್ಲಿ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಉಗ್ರ ಜಾತಿಯ ಗಂಟುಜಂತು ಕಾಣಿಸಿಕೊಂಡಿದೆ. ಅದು ನರ್ಸರಿ ಸಸಿಯ ಮಣ್ಣಿನೊಂದಿಗೆ ತಮಿಳುನಾಡಿನಿಂದ ಹಿಡಿದು ಹಲವು ರಾಜ್ಯಗಳಿಗೆ ಹಬ್ಬಿದೆ.

ಮುಖ್ಯ ವಿಷಯ ಇಲ್ಲಿದೆ. ಈ ಜಂತು ತಾನಾಗಿ ವರ್ಷಕ್ಕೆ ಒಂದು ಮೀಟರ್ ಹೋದರೆ ಹೆಚ್ಚು. ನಿಮ್ಮ ಮನೆಗೆ ಅದನ್ನು ತರುವುದು ಸಸಿ ಚೀಲದ ಮಣ್ಣು, ಪಕ್ಕದ ಮನೆಯಿಂದ ಬೇರುಸಹಿತ ಕಿತ್ತು ತಂದ ಗಿಡ, ಟೊಮೆಟೊ, ಬದನೆ ಬೆಳೆದ ಹೊಲದ ಮಣ್ಣು, ತೊಳೆಯದ ಕುರುಪಿ. ಸಸಿ ಕೊಳ್ಳುವಾಗ ಎಲೆ, ಹೂವು ನೋಡಿ ಮಾರುಹೋಗಬೇಡಿ. ಚೀಲದ ತೂತಿನಿಂದ ಹೊರಬಂದ ಬೇರನ್ನು ನೋಡಿ, ಸಾಧ್ಯವಾದರೆ ಚೀಲ ಸರಿಸಿ ತೋರಿಸಲು ಕೇಳಿ. ಸಂಕೋಚ ಪಡುವ ವಿಷಯವಲ್ಲ. ಗಂಟಿರುವ ಒಂದು ಸಸಿ ನಿಮ್ಮ ಇಡೀ ಮಾಳಿಗೆಯನ್ನು ಕೆಡಿಸುತ್ತದೆ.

ಕುಂಡದ ಗಿಡ ಉಳಿಸುವ ಕ್ರಮ

ಒಳಗೆ ಸೇರಿದ ಜಂತುವನ್ನು ಪೂರ್ತಿ ಕೊಲ್ಲುವುದು ಮನೆಯಲ್ಲಿ ಆಗದ ಮಾತು. ಗಿಡ ಹೊಸ ಬೇರು ಬಿಡುವ ವೇಗ, ಜಂತು ಅದನ್ನು ಕೆಡಿಸುವ ವೇಗಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೋಡ ಮುಸುಕಿದ ದಿನ ಅಥವಾ ಸಂಜೆ ಹೊತ್ತು ಆರಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೇರು ಬಿಡಿಸಿದ ಗಿಡ ಉಳಿಯುವುದಿಲ್ಲ. ಆಗ ಬರೀ ನೆರಳು ಕೊಟ್ಟು ಜೂನ್‌ವರೆಗೆ ತಡೆಯಿರಿ. ಮೊದಲು ಗಿಡದ ಮೇಲ್ಭಾಗವನ್ನು ಮೂರನೇ ಒಂದು ಪಾಲು ಕತ್ತರಿಸಿ. ಹೂವು, ಮೊಗ್ಗು ಇದ್ದರೆ ಅವನ್ನೂ ತೆಗೆಯಿರಿ. ಕೈ ಹಿಂಜರಿಯುತ್ತದೆ, ನಿಜ. ಆದರೆ ಅರ್ಧ ಬೇರು ಪೂರ್ತಿ ಎಲೆಗೆ ನೀರು ಒದಗಿಸಲಾರದು.

ಗಡ್ಡೆಯ ಮಣ್ಣನ್ನು ಬಕೆಟ್ ನೀರಿನಲ್ಲಿ ಬಿಡಿಸಿ. ಗಂಟು ತುಂಬಿದ ಬೇರನ್ನು ಚೂಪಾದ ಕತ್ತರಿಯಿಂದ ತೆಗೆಯಿರಿ. ಒಟ್ಟು ಬೇರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ, ಉಳಿದ ಗಂಟು ಇದ್ದರೆ ಇರಲಿ. ಲೀಟರ್ ನೀರಿಗೆ 10 ಗ್ರಾಂ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಪುಡಿ ಕಲಸಿ, ಬೇರನ್ನು ಅರ್ಧ ಗಂಟೆ ಅದರಲ್ಲಿ ಅದ್ದಿಡಿ. ಹಳೆಯ ಮಣ್ಣು ಮತ್ತು ತೊಳೆದ ನೀರನ್ನು ಯಾವ ಕಾರಣಕ್ಕೂ ಬೇರೆ ಗಿಡದ ಬುಡಕ್ಕೆ ಸುರಿಯಬೇಡಿ. ನೀರು ಚರಂಡಿಗೆ ಹೋಗಲಿ, ಮಣ್ಣು ಚೀಲಕ್ಕೆ ಸೇರಲಿ. ಆ ಮಣ್ಣಿನ ಗತಿ ಏನೆಂದು ಕೆಳಗೆ ಹೇಳುತ್ತೇನೆ. ಕುಂಡವನ್ನು ಉಜ್ಜಿ ತೊಳೆದು ಒಂದೆರಡು ದಿನ ಬಿಸಿಲಿಗೆ ಬೋರಲು ಹಾಕಿ. ಅಲ್ಲಿಯವರೆಗೆ ಗಿಡಕ್ಕೆ ಬೇರೊಂದು ಕುಂಡ ಸಿದ್ಧವಾಗಿರಬೇಕು.

ಹೊಸ ಮಿಶ್ರಣಕ್ಕೆ ಎರಡು ಪಾಲು ಬಿಸಿಲು ಕಾಯಿಸಿದ ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಕರಿಯಾಗುವಂತೆ ಅರೆಸುಟ್ಟ ಭತ್ತದ ಹೊಟ್ಟು. ಪೂರ್ತಿ ಬೂದಿಯಾದ ಹೊಟ್ಟು ಬೇಡ. ಬೂದಿ ಕ್ಷಾರ, ನಮ್ಮ ಮಣ್ಣು ನೀರು ಮೊದಲೇ ಆ ಕಡೆಗೆ ವಾಲಿವೆ. ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಹಿಡಿ, ಅಂದರೆ 50 ಗ್ರಾಂನಷ್ಟು ಬೇವಿನ ಹಿಂಡಿ ಸೇರಿಸಿ. ನೆಟ್ಟ ಮೇಲೆ ಎರಡು ವಾರ ನೆರಳು. ನೀರು ಹಿತಮಿತವಾಗಿ, ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಕಂಡಾಗ ಮಾತ್ರ. ಹೊಸ ಚಿಗುರು ಎರಡು ಇಂಚು ಬರುವವರೆಗೆ ಯಾವ ರಾಸಾಯನಿಕ ಗೊಬ್ಬರವೂ ಬೇಡ. ಸುಮಾರು ಎಂಟು ವಾರದಲ್ಲಿ ಗಿಡ ಹೇಗೆ ತಿರುಗಿತೆಂದು ಗೊತ್ತಾಗುತ್ತದೆ. ಅವಸರಪಟ್ಟು ನಡುನಡುವೆ ಬೇರು ಕಿತ್ತು ನೋಡಬೇಡಿ.

ನೆಲದಲ್ಲಿರುವ ದೊಡ್ಡ ಗಿಡ

ಮಲ್ಲಿಗೆಯ ಪೊದೆ, ಹತ್ತು ವರ್ಷದ ಅಂಜೂರ, ಗೋಡೆಗೆ ಹಬ್ಬಿದ ಜಾಜಿ, ಇವನ್ನು ಕೀಳಲಾಗದು. ಇಲ್ಲಿ ಮಣ್ಣಿಗೇ ಮದ್ದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಜಂತುಹುಳುವಿನ ಶತ್ರುಗಳಾದ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಕೊಡುವ ಕ್ರಮವನ್ನು ರೂಢಿಗೆ ತಂದಿದೆ. ಪರ್ಪ್ಯುರಿಯೊಸಿಲಿಯಂ ಎಂಬ ಶಿಲೀಂಧ್ರ ಜಂತುವಿನ ಮೊಟ್ಟೆಯನ್ನೇ ತಿನ್ನುತ್ತದೆ. ಹಳೆಯ ಪೊಟ್ಟಣಗಳಲ್ಲಿ ಇದರ ಹೆಸರು ಪೆಸಿಲೊಮೈಸಿಸ್ ಎಂದಿರುತ್ತದೆ, ಎರಡೂ ಒಂದೇ. ಟ್ರೈಕೋಡರ್ಮಾ, ಸ್ಯೂಡೊಮೊನಾಸ್ ಬೇರು ಕೊಳೆಯನ್ನು ತಡೆದು ಹೊಸ ಬೇರಿಗೆ ಬಲ ಕೊಡುತ್ತವೆ.

ರೈತರಿಗೆ ಟನ್ ಗೊಬ್ಬರಕ್ಕೆ ಈ ಮೂರರ ಪುಡಿ ಒಂದೊಂದೂ ಎರಡು ಕಿಲೋ ಎಂಬ ಲೆಕ್ಕ. ಮನೆಯ ಅಳತೆಗೆ ಇಳಿಸಿದರೆ ಒಂದು ಚೀಲ, ಅಂದಾಜು 20 ಕಿಲೋ ಕಳಿತ ಗೊಬ್ಬರ, ಅದರೊಂದಿಗೆ ನಾಲ್ಕೈದು ಕಿಲೋ ಬೇವಿನ ಹಿಂಡಿ, ಒಂದೊಂದು ಪುಡಿಯಿಂದ 50 ಗ್ರಾಂ. ಚೆನ್ನಾಗಿ ಬೆರೆಸಿ, ಮುಷ್ಟಿ ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿಚೀಲ ಮುಚ್ಚಿ ಹದಿನೈದು ದಿನ ಇಡಿ. ನಡುವೆ ಒಂದು ಸಲ ಮಗುಚಿ, ಒಣಗಿದ್ದರೆ ನೀರು ಚಿಮುಕಿಸಿ. ಬಿಸಿಲಿಗೆ ಇಟ್ಟರೆ ಒಳಗಿನ ಜೀವಿಗಳು ಸಾಯುತ್ತವೆ, ಬಳ್ಳಾರಿಯಲ್ಲಿ ಈ ತಪ್ಪು ಆಗುವುದು ಹೆಚ್ಚು. ಆಮೇಲೆ ಗಿಡದ ಕೊಂಬೆ ನೆರಳು ಬೀಳುವಷ್ಟು ಅಗಲಕ್ಕೆ ಮೇಲ್ಮಣ್ಣು ಮೆಲ್ಲಗೆ ಸಡಿಲಿಸಿ, ಎರಡರಿಂದ ಐದು ಕಿಲೋವರೆಗೆ ಹರಡಿ, ಮಣ್ಣು ಮುಚ್ಚಿ, ನೀರು ಕೊಟ್ಟು, ಹೊದಿಕೆ ಹಾಕಿ. ವರ್ಷಕ್ಕೆ ಎರಡು ಬಾರಿ, ಜೂನ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ಮಾಡಿದರೆ ಗಿಡ ಮೇಲಕ್ಕೆ ಬರುತ್ತದೆ.

ಗಿಡದ ಸುತ್ತ ಚೆಂಡುಹೂ ಹಾಕುವ ಪದ್ಧತಿ ಬರೀ ಅಲಂಕಾರವಲ್ಲ. ಅದರ ಬೇರಿನಲ್ಲಿರುವ ರಸ ಜಂತುವನ್ನು ಕೊಲ್ಲುತ್ತದೆ. ಆದರೆ ಮೂಲೆಗೊಂದು ಗಿಡ ನೆಟ್ಟರೆ ಏನೂ ಪ್ರಯೋಜನವಿಲ್ಲ. ಗೇಣಿಗೊಂದರಂತೆ ದಟ್ಟವಾಗಿ, ಎರಡು ಮೂರು ತಿಂಗಳು ಬೆಳೆದು ನಿಲ್ಲಬೇಕು. ದಸರಾ, ದೀಪಾವಳಿಗೆ ಹೂವು ಕೊಯ್ದು ಮುಗಿದ ಮೇಲೆ ಬೇರುಸಹಿತ ಅಲ್ಲೇ ಮಣ್ಣಿಗೆ ಸೇರಿಸಿ. ಸುಗಂಧರಾಜ ಬೇಕೆನ್ನುವವರು ಹೆಸರಘಟ್ಟದ್ದೇ ತಳಿಯಾದ ಶೃಂಗಾರವನ್ನು ಕೇಳಿ ತರಲಿ. ಅದು ಗಂಟುಜಂತುವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಗಿಡ ಉಳಿಯುವ ನಂಬಿಕೆ ಇಲ್ಲದಿದ್ದರೂ ತಳಿ ಉಳಿಸುವ ದಾರಿ ಒಂದಿದೆ. ಜಂತು ಇರುವುದು ಬೇರಿನಲ್ಲಿ, ಕೊಂಬೆಯಲ್ಲಲ್ಲ. ಅಜ್ಜಿ ಹಡಗಲಿಯಿಂದ ತಂದು ನೆಟ್ಟ ಮಲ್ಲಿಗೆಯಾಗಲಿ, ಇನ್ನೆಲ್ಲೂ ಸಿಗದ ಬಣ್ಣದ ದಾಸವಾಳವಾಗಲಿ, ಮೇಲಿನ ಕೊಂಬೆಯಿಂದ ಸೀಸಕಡ್ಡಿ ದಪ್ಪದ ಕಡ್ಡಿ ತೆಗೆದು ಕಾಯಿಸಿದ ಮರಳಿನಲ್ಲಿ ನೆಡಿ. ಅಂಜೂರ, ದಾಳಿಂಬೆಗೆ ಗೂಟಿ ಕಟ್ಟಿ. ಗೂಟಿಯ ಬೇರು ಗಾಳಿಯಲ್ಲೇ ಮೂಡುವುದರಿಂದ ರೋಗದ ಮಣ್ಣು ತಾಗುವುದೇ ಇಲ್ಲ. ಮಳೆಗಾಲ ಇದಕ್ಕೆ ಸರಿಯಾದ ಸಮಯ. ನೆಲಕ್ಕೆ ಬಾಗಿಸಿ ಮಣ್ಣು ಮುಚ್ಚುವ ಪದ್ಧತಿ ಮಾತ್ರ ಬೇಡ, ಹೊಸ ಬೇರು ಹಳೆಯ ಮಣ್ಣಿನಲ್ಲೇ ಮೂಡುತ್ತದೆ. ಎಂಥ ಗಿಡವಾದರೂ ಕಾಯಿಲೆ ಕಂಡ ದಿನವೇ ನಾಲ್ಕು ಕಡ್ಡಿ ನೆಟ್ಟುಕೊಂಡು ಆಮೇಲೆ ಚಿಕಿತ್ಸೆಗೆ ಇಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಳ್ಳಾರಿ ಬಿಸಿಲೇ ಔಷಧಿ

ಬೇರೆ ಊರಿನವರು ದುಡ್ಡು ಕೊಟ್ಟರೂ ಸಿಗದ ಔಷಧಿ ನಮಗೆ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಬಿಟ್ಟಿಯಾಗಿ ಸಿಗುತ್ತದೆ. 40 ಡಿಗ್ರಿ ದಾಟುವ ಬಿಸಿಲು. ಖಾಲಿ ಪಾತಿಯನ್ನು ಅಗೆದು, ಹೆಂಟೆ ಒಡೆದು, ಚೆನ್ನಾಗಿ ನೀರು ಉಣಿಸಿ, 100 ಗೇಜಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಣ್ಣಿಗೆ ಅಂಟುವಂತೆ ಹಾಸಿ, ಅಂಚಿನ ಸುತ್ತ ಮಣ್ಣು ಏರಿಸಿ. ನಾಲ್ಕರಿಂದ ಆರು ವಾರ ಮುಟ್ಟಬೇಡಿ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಒಳ್ಳೆಯದು, ಬಿಸಿಲು ಮಣ್ಣಿಗೆ ನೇರವಾಗಿ ಇಳಿಯುತ್ತದೆ. ಒಣ ಮಣ್ಣಿಗೆ ಹಾಸಿದರೆ ಅರ್ಧ ಫಲವೂ ಇಲ್ಲ. ಹಸಿ ಮಣ್ಣು ಬಿಸಿಯನ್ನು ಆಳಕ್ಕೆ ಒಯ್ಯುತ್ತದೆ, ನೆನೆದ ಮೊಟ್ಟೆ ಬೇಗ ಸಾಯುತ್ತದೆ. ಇದರ ಪರಿಣಾಮ ಒಂದು ಗೇಣು ಆಳದವರೆಗೆ ಚೆನ್ನಾಗಿರುತ್ತದೆ, ಅದಕ್ಕಿಂತ ಕೆಳಗೆ ಕಡಿಮೆ.

ಕುಂಡದ ಹಳೆಯ ಮಣ್ಣಿಗೂ ಇದೇ ಶಿಕ್ಷೆ. ನೀರು ಚಿಮುಕಿಸಿ, ಪಾರದರ್ಶಕ ಚೀಲದಲ್ಲಿ ನಾಲ್ಕೈದು ಬೆರಳು ದಪ್ಪಕ್ಕೆ ತುಂಬಿ, ಬಾಯಿ ಕಟ್ಟಿ, ಮಾಳಿಗೆಯ ಕಾದ ನೆಲದ ಮೇಲೆ ಮಲಗಿಸಿ. ವಾರಕ್ಕೊಮ್ಮೆ ಮಗುಚಿ ಹಾಕಿ. ಕಾಯಿಸಿದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಸತ್ತಿರುತ್ತವೆ. ಹಾಗಾಗಿ ಬಳಸುವ ಮೊದಲು ಟ್ರೈಕೋಡರ್ಮಾ ಬೆರೆಸಿದ ಗೊಬ್ಬರ ಸೇರಿಸಲೇಬೇಕು. ಮಳೆಗಾಲದಲ್ಲಿ ತುರ್ತಾಗಿ ಮಣ್ಣು ಬೇಕಾದರೆ ಕುದಿಯುವ ನೀರನ್ನು ಮಣ್ಣಿನ ಮೇಲೆ ಸುರಿದು ಮುಚ್ಚಿಟ್ಟು ಆರಿಸಿ ಬಳಸಬಹುದು. ಇದನ್ನು ಗಿಡ ಇರುವ ಕುಂಡಕ್ಕೆ ಮಾಡಬಾರದೆಂದು ಬೇರೆ ಹೇಳಬೇಕಿಲ್ಲ.

ಗೊಣ್ಣೆಹುಳು ಮತ್ತು ಮೊದಲ ಮಳೆ

ಗೊಣ್ಣೆಹುಳುವನ್ನು ಗೆಲ್ಲುವುದು ಕ್ಯಾಲೆಂಡರಿನಿಂದ. ಮೇ, ಜೂನ್ ತಿಂಗಳ ಮೊದಲ ಒಳ್ಳೆಯ ಮಳೆ ಬಿದ್ದ ಸಂಜೆ, ಕತ್ತಲಾಗುತ್ತಿದ್ದಂತೆ ಕಂದು ಬಣ್ಣದ ದುಂಬಿಗಳು ನೆಲದಿಂದೆದ್ದು ಬೇವು, ಜಾಲಿ, ಬೋರೆ ಮರಗಳಿಗೆ ಮುತ್ತುತ್ತವೆ. ಅಲ್ಲಿ ಕೂಡಿ, ಎಲೆ ತಿಂದು, ಬೆಳಗಾಗುವ ಮೊದಲೇ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಸುಮಾರು ಹತ್ತು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಚಿಕ್ಕದಿರುವಾಗ ಹಾನಿ ಕಾಣುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹುಳು ಬಲಿತು ದಪ್ಪ ಬೇರನ್ನೂ ಕಡಿಯುತ್ತದೆ, ಗುಲಾಬಿ ಗಿಡ ಹಿಡಿದೆಳೆದರೆ ಕೈಗೇ ಬಂದುಬಿಡುತ್ತದೆ. ಆಮೇಲೆ ಕೋಶಕ್ಕೆ ಹೋಗಿ, ದುಂಬಿಯಾಗಿ, ಮುಂದಿನ ವರ್ಷದ ಮಳೆಯವರೆಗೆ ಮಣ್ಣಿನೊಳಗೇ ಕಾಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ.

ಒಂದೇ ಪೀಳಿಗೆ ಎಂಬುದೇ ಅದರ ದೌರ್ಬಲ್ಯ. ಮೊದಲ ಮಳೆಯ ನಂತರದ ಮೂರು ನಾಲ್ಕು ಸಂಜೆ, ಏಳೂವರೆಯಿಂದ ಒಂಬತ್ತರವರೆಗೆ, ಓಣಿಯ ಬೇವಿನ ಮರದ ಕೆಳಗೆ ಹಳೆಯ ಸೀರೆ ಹಾಸಿ ಕೊಂಬೆ ಜಾಡಿಸಿ. ಬಿದ್ದ ದುಂಬಿಗಳನ್ನು ಸೋಪು ನೀರಿನ ಬಕೆಟಿಗೆ ಹಾಕಿ. ಒಂದು ಹೆಣ್ಣು ದುಂಬಿ ಸತ್ತರೆ ಅದರ ಹಿಂದೆ ಹತ್ತಾರು ಬೇರುಹುಳು ಇಲ್ಲವಾದಂತೆ. ಒಂದೇ ಮನೆಯವರು ಮಾಡಿದರೆ ಫಲ ಅಷ್ಟಕ್ಕಷ್ಟೆ, ದುಂಬಿ ಪಕ್ಕದ ಮರದಿಂದ ಹಾರಿ ಬರುತ್ತದೆ. ಇಡೀ ಓಣಿ ಸೇರಬೇಕು.

ಈಗಾಗಲೇ ಹುಳು ಹಿಡಿದ ಗಿಡಕ್ಕೆ ಬುಡ ಕೆದರಿ ಕೈಯಿಂದ ಹೆಕ್ಕುವುದೇ ಅತಿ ಖಚಿತ ಮದ್ದು. ಬೆಳಗ್ಗೆ ಮಾಡಿದರೆ ಗೊರವಂಕ, ಕಾಗೆಗಳೂ ಕೈ ಜೋಡಿಸುತ್ತವೆ. ಉಳಿದದ್ದಕ್ಕೆ ಒಂದು ಕಿಲೋ ಕಳಿತ ಗೊಬ್ಬರಕ್ಕೆ 20 ಗ್ರಾಂ ಮೆಟರೈಜಿಯಂ ಶಿಲೀಂಧ್ರದ ಪುಡಿ ಬೆರೆಸಿ ಬುಡಕ್ಕೆ ಸೇರಿಸಿ. ಇನ್ನೊಂದು ಅಸ್ತ್ರವೂ ಇದೆ. ಜಂತುಹುಳುಗಳಲ್ಲೇ ಒಳ್ಳೆಯದು, ಹೆಟೆರೊರ್ಹ್ಯಾಬ್ಡಿಟಿಸ್ ಇಂಡಿಕಾ. 1992ರಲ್ಲಿ ಕೊಯಮತ್ತೂರಿನಿಂದ ಲೋಕಕ್ಕೆ ಪರಿಚಯವಾದ ಈ ಸೂಕ್ಷ್ಮ ಜೀವಿ ಗೊಣ್ಣೆಹುಳುವಿನ ಒಳಹೊಕ್ಕು, ತನ್ನೊಂದಿಗೆ ಒಯ್ದ ಬ್ಯಾಕ್ಟೀರಿಯಾ ಬಿಟ್ಟು, ಎರಡು ಮೂರು ದಿನಗಳಲ್ಲಿ ಅದನ್ನು ಕೊಲ್ಲುತ್ತದೆ. ಸತ್ತ ಹುಳು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಗಿಡಕ್ಕೆ, ಮನುಷ್ಯರಿಗೆ, ಎರೆಹುಳುವಿಗೆ ಅಪಾಯವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದನ್ನು ನೀರಿನಲ್ಲಿ ಕಲಸುವ ಪುಡಿಯಾಗಿ ರೂಪಿಸಿದ್ದು, ಕಂಪನಿಗಳು ತಯಾರಿಸಿ ಮಾರುತ್ತಿವೆ. ಬಿಸಿಲು ತಾಗಿದರೆ ಇವು ಸಾಯುತ್ತವೆ. ಹಾಗಾಗಿ ಸಂಜೆ, ಹಸಿ ಮಣ್ಣಿಗೇ ಕೊಡಬೇಕು, ಆಮೇಲೆ ಒಂದು ವಾರ ಮಣ್ಣು ಒಣಗಬಾರದು.

ತಿಪ್ಪೆ ಗೊಬ್ಬರದಲ್ಲಿ ಸಿಗುವ ಬಿಳಿ ಹುಳುಗಳೆಲ್ಲ ಶತ್ರುಗಳಲ್ಲ. ಒಂದನ್ನು ನೆಲದ ಮೇಲೆ ಬಿಟ್ಟು ನೋಡಿ. ಅಂಗಾತ ಮಗುಚಿ ಬೆನ್ನ ಮೇಲೆ ತೆವಳಿಕೊಂಡು ಹೋದರೆ ಅದು ಹೂವಿನ ದುಂಬಿಯ ಮರಿ. ಕೊಳೆತ ವಸ್ತು ತಿಂದು ಗೊಬ್ಬರ ಮಾಡುತ್ತದೆ. ಅದನ್ನು ತಿಪ್ಪೆಗೇ ಬಿಡಿ. ಆದರೂ ಕುಂಡಕ್ಕೆ ಹಾಕುವ ಗೊಬ್ಬರವನ್ನು ಜರಡಿ ಹಿಡಿದೇ ಹಾಕಿ. ಸಣ್ಣ ಕುಂಡದಲ್ಲಿ ತಿನ್ನಲು ಬೇರೇನೂ ಸಿಗದಿದ್ದಾಗ ಯಾವ ಹುಳುವಾದರೂ ಬೇರಿಗೆ ಬಾಯಿ ಹಾಕೀತು.

ಉಳಿದವು

ಗೆದ್ದಲು ಸಾಮಾನ್ಯವಾಗಿ ಸತ್ತ ಕಟ್ಟಿಗೆ ತಿನ್ನುವ ಜೀವಿ. ನೀರಿಲ್ಲದೆ ಒಣಗುತ್ತಿರುವ ಗಿಡಕ್ಕೆ ಅದು ಮೊದಲು ಏರುತ್ತದೆ. ನೀರು ಸರಿಮಾಡಿ, ಒಣ ಕೊಂಬೆ ತೆಗೆದು, ಮಣ್ಣಿನ ಪದರ ಕೆರೆದು, ಕಾಂಡಕ್ಕೆ ಎರಡು ಅಡಿ ಸುಣ್ಣ ಬಳಿಯಿರಿ. ಹಸಿ ಸಗಣಿ, ಅರೆಕಳಿತ ಗೊಬ್ಬರ ಬುಡಕ್ಕೆ ಹಾಕಬೇಡಿ. ಗೆದ್ದಲು ಇರುವ ಕಡೆ ಹುಲ್ಲಿನ ಹೊದಿಕೆಯನ್ನೂ ತೆಳುವಾಗಿಸಿ.

ಹಿಟ್ಟು ತಿಗಣೆಗೆ ಗಡ್ಡೆ ತೆಗೆದು ಮಣ್ಣು ಪೂರ್ತಿ ಬಿಡಿಸಿ, ಲೀಟರಿಗೆ 5 ಮಿಲಿ ಬೇವಿನೆಣ್ಣೆ ಮತ್ತು ಚೂರು ಸೋಪು ಕಲಸಿದ ನೀರಿನಲ್ಲಿ ಬೇರು ಅದ್ದಿ, ಹೊಸ ಮಣ್ಣಿಗೆ ನೆಡಿ. ಇರುವೆ ಹತ್ತದಂತೆ ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟಿಗೆಯ ಮೇಲಿಡಿ. ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಇರುವೆಯೇ. ತಟ್ಟೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ಹಳೆಯ ಓಣಿಗಳ ಚರಂಡಿ ಪಕ್ಕದ ಹಿತ್ತಲುಗಳಲ್ಲಿ ಹೆಗ್ಗಣದ ಬಿಲವೂ ಬೇರು ಕಡಿಯುತ್ತದೆ. ಅಲ್ಲಿ ಮದ್ದಿಗಿಂತ ಚರಂಡಿ ಮುಚ್ಚುವುದು, ಬುಡದ ಸುತ್ತ ತಂತಿ ಜಾಲರಿ ಹೂಳುವುದು ಕೆಲಸಕ್ಕೆ ಬರುತ್ತದೆ.

ಮನೆಗೆ ತರಬಾರದ್ದು

ಬೇರುಹುಳು ಎಂದೊಡನೆ ಹಳಬರ ಬಾಯಲ್ಲಿ ಬರುವ ಹೆಸರುಗಳು ಬಿ.ಎಚ್.ಸಿ. ಪುಡಿ ಮತ್ತು ಫೋರೇಟ್ ಹರಳು. ಬಿ.ಎಚ್.ಸಿ. 1997ರಲ್ಲೇ ನಿಷೇಧವಾಯಿತು. ಫೋರೇಟ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ. ಯಾರಾದರೂ ಹಳೆಯ ದಾಸ್ತಾನು ಕೊಟ್ಟರೆ ಮುಟ್ಟಬೇಡಿ. ಕಾರ್ಬೊಫ್ಯುರಾನ್ ಹರಳೂ ಅಷ್ಟೇ ಕಟುವಾದ ವಿಷ. ಪೂಜೆಗೆ ಕೀಳುವ ತುಳಸಿ, ಒಗ್ಗರಣೆಗೆ ಹಾಕುವ ಕರಿಬೇವು, ಮಕ್ಕಳು ತಿನ್ನುವ ಅಂಜೂರ, ಇವುಗಳ ಬುಡಕ್ಕೆ ಹಾಕಿದ ಇಂಥ ವಿಷ ಬೇರಿನ ಮೂಲಕ ಎಲೆಗೆ, ಹಣ್ಣಿಗೆ ಏರುತ್ತದೆ. ಒಂದು ಗಿಡ ಸತ್ತರೆ ಇನ್ನೊಂದನ್ನು ನೆಡಬಹುದು. ಮಗು ಆಡುವ ಅಂಗಳದ ಮಣ್ಣಿಗೆ ವಿಷ ಬೆರೆಸುವುದು ಯಾವ ಗಿಡಕ್ಕಾಗಿಯೂ ತಕ್ಕುದಲ್ಲ.

ಕೆಲವು ಗಿಡಗಳನ್ನು ಬಿಟ್ಟುಕೊಡಲೂ ಬೇಕು. ಎಳೆಬೇರು ಒಂದೂ ಇಲ್ಲದೆ, ಕಾಂಡದ ಸಿಪ್ಪೆ ಉಗುರಿನಿಂದ ಕೆರೆದಾಗ ಬುಡದವರೆಗೂ ಹಸಿರು ಕಾಣದಿದ್ದರೆ ಅದು ಮುಗಿದಂತೆ. ತುಳಸಿ, ಕನಕಾಂಬರದಂಥ ಬೇಗ ಬರುವ ಗಿಡಗಳನ್ನು ಬೇರಿನ ಅರ್ಧಕ್ಕಿಂತ ಹೆಚ್ಚು ಗಂಟಾಗಿದ್ದರೆ ಉಳಿಸಲು ಹೆಣಗಬೇಡಿ. ಬೀಜ ಇಟ್ಟುಕೊಂಡು ಗಿಡ ಕಿತ್ತುಬಿಡಿ. ಕಿತ್ತ ಬೇರನ್ನು ಕಾಂಪೋಸ್ಟ್ ಗುಂಡಿಗೆ ಹಾಕದೆ ಒಣಗಿಸಿ ಸುಡಿ. ಆ ಜಾಗದಲ್ಲಿ ಮುಂದಿನ ಬೇಸಿಗೆಯ ಬಿಸಿಲು ಮುಗಿಯುವವರೆಗೆ ಚೆಂಡುಹೂ ಬಿಟ್ಟು ಬೇರೇನನ್ನೂ ನೆಡಬೇಡಿ.

ಗುರುತು ಹಿಡಿಯಲು ಗೊಂದಲವಾದರೆ ಒಂದು ಹಿಡಿ ಎಳೆಬೇರನ್ನು ಕಾಲು ಕಿಲೋ ಹಸಿ ಮಣ್ಣಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಸಿರುಗುಪ್ಪದವರಿಗೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ಹತ್ತಿರ. ಎರಡೂ ರಾಯಚೂರು ಕೃಷಿ ವಿಶ್ವವಿದ್ಯಾಲಯದವು. ದೂರವಾಣಿಯಲ್ಲಿ ಕೇಳುವುದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551ರಲ್ಲಿ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಈ ವರ್ಷದ ಮೊದಲ ಮಳೆ ಬಿದ್ದ ಸಂಜೆ ನಿಮ್ಮ ಓಣಿಯ ನಾಲ್ಕು ಮನೆಯವರನ್ನು ಕರೆದುಕೊಂಡು, ಒಂದು ಬಕೆಟ್ ಸೋಪು ನೀರಿನೊಂದಿಗೆ ಬೇವಿನ ಮರದ ಕೆಳಗೆ ಬನ್ನಿ.